ಬಿರುಕಿನ ಚಿತ್ರ ಚೆಂದ ಬಂತು ಸರಿ, ಶಕ್ತಿಯ ಲೆಕ್ಕ ತಾಳೆಯಾಯ್ತಾ?

ಬಿರುಕಿನ ಸಿಮ್ಯುಲೇಷನ್ ಅಂದಕೂಡಲೇ ಎಲ್ಲರೂ ತೋರಿಸುವುದು ಒಂದೇ ವಿಡಿಯೋ. ಗಾಜಿನ ಹಲಗೆ, ಎಡಗಡೆ ಒಂದು ಸೀಳು, ಮೇಲಕ್ಕೂ ಕೆಳಕ್ಕೂ ಎಳೆತ. ಸೀಳು ಬಲಕ್ಕೆ ಓಡುತ್ತದೆ, ಸ್ವಲ್ಪ ದೂರ ಹೋಗಿ ಎರಡಾಗಿ ಕವಲೊಡೆಯುತ್ತದೆ, ಮುಗಿಯಿತು. ಬಣ್ಣಗಳೂ ಚೆನ್ನಾಗಿರುತ್ತವೆ. ಪಕ್ಕದಲ್ಲಿ ಪ್ರಯೋಗದ ಫೋಟೋ ಇಟ್ಟು "ನೋಡಿ, ಹಾಗೇ ಬಂದಿದೆ" ಅನ್ನುತ್ತಾರೆ. ನನ್ನ ತಕರಾರು ಇರುವುದು ಈ "ಹಾಗೇ ಬಂದಿದೆ" ಅನ್ನುವ ಮಾತಿನ ಮೇಲೆ. ಕವಲು ಬರಿಸುವುದು ಅಂಥಾ ಕಷ್ಟದ ಕೆಲಸವಲ್ಲ. ಸಾಕಷ್ಟು ಜೋರಾಗಿ ಎಳೆದರೆ ತಪ್ಪು ಕೋಡ್ ಕೂಡ ಕವಲು ಕೊಡುತ್ತದೆ. ಆ ಬಿರುಕು ಎಷ್ಟು ಶಕ್ತಿ ನುಂಗಿತು, ಯಾವ ವೇಗದಲ್ಲಿ ಓಡಿತು ಅಂತ ಕೇಳಿದಾಗ ಉತ್ತರ ಇದೆಯಾ ಅನ್ನುವುದೇ ನನಗೆ ಮುಖ್ಯ.

ಆ ಗಾಜಿನ ಹಲಗೆಯ ವಿಷಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಹೊಸ ಕೋಡ್ ಬರೆದವರು ಮೊದಲು ರನ್ ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು. ಉದ್ದ 100 ಮಿಲಿಮೀಟರ್, ಅಗಲ 40. ಎಡ ಅಂಚಿನಿಂದ ನಡುವಿನವರೆಗೆ 50 ಮಿ.ಮೀ. ಮೊದಲೇ ಸೀಳಿರುತ್ತದೆ. ಮೇಲಂಚು, ಕೆಳಂಚು ಎರಡನ್ನೂ 1 ಮೆಗಾಪಾಸ್ಕಲ್ ಸ್ಟ್ರೆಸ್ (ಒಂದಿಷ್ಟು ವಿಸ್ತೀರ್ಣದ ಮೇಲೆ ಬೀಳುವ ಬಲ) ಹಾಕಿ ಒಮ್ಮೆಲೇ ಎಳೆದು ಹಾಗೇ ಬಿಡುತ್ತಾರೆ. ಯಂಗ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಅನ್ನುವ ಅಳತೆ) 32 ಗಿಗಾಪಾಸ್ಕಲ್, ಸಾಂದ್ರತೆ ಘನ ಮೀಟರಿಗೆ 2450 ಕೆಜಿ, ಪಾಯ್ಸನ್ ಅನುಪಾತ (ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವುದು) 0.2. ಒಂದು ಚದರ ಮೀಟರ್ ಬಿರುಕು ತೆರೆಯಲು 3 ಜೌಲ್ ಬೇಕು ಅಂತ ಇಟ್ಟುಕೊಳ್ಳುತ್ತಾರೆ. 80 ಮೈಕ್ರೊಸೆಕೆಂಡಿನಲ್ಲಿ ಕಥೆ ಮುಗಿಯುತ್ತದೆ. (ಕಿಟಕಿ ಗಾಜಿನ ಮಾಡ್ಯುಲಸ್ 70 ಗಿಗಾಪಾಸ್ಕಲ್ ಆಸುಪಾಸು ಇರುತ್ತದೆ, ಹಾಗಾಗಿ ಈ "ಗಾಜು" ಹೆಸರಿಗಷ್ಟೇ ಗಾಜು. ಆದರೂ ಎಲ್ಲರೂ ಇದೇ ಸಂಖ್ಯೆಗಳನ್ನು ಬಳಸುವುದರಿಂದ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದ್ದರ ಜೊತೆ ಹೋಲಿಸಬಹುದು. ಅದೊಂದು ಲಾಭ.)

ಈ ಸಂಖ್ಯೆಗಳಿಂದ ಲೆಕ್ಕ ಹಾಕಿದರೆ ಎಳೆತದ ಅಲೆ ಸೆಕೆಂಡಿಗೆ ಸುಮಾರು 3800 ಮೀಟರ್ ವೇಗದಲ್ಲಿ ಸಾಗುತ್ತದೆ. ಮೇಲಂಚಿನಿಂದ ಬಿರುಕಿನ ತುದಿಗೆ 20 ಮಿ.ಮೀ. ದೂರ. ಅಂದರೆ ಎಳೆಯಲು ಶುರುಮಾಡಿ 5 ಮೈಕ್ರೊಸೆಕೆಂಡ್ ಕಳೆಯುವವರೆಗೆ ಬಿರುಕಿಗೆ ಏನೂ ಗೊತ್ತಿರುವುದಿಲ್ಲ. ಮೇಲಿಂದ ಒಂದು ಅಲೆ, ಕೆಳಗಿಂದ ಒಂದು ಅಲೆ ಬಂದು ಸೇರಿದ ಮೇಲೆಯೇ ತುದಿಯಲ್ಲಿ ಸ್ಟ್ರೆಸ್ ಏರುತ್ತದೆ. ಆಮೇಲೆ ಅದೇ ಅಲೆಗಳು ಅಂಚಿಗೆ ಬಡಿದು ಮತ್ತೆ ಮತ್ತೆ ವಾಪಸ್ ಬರುತ್ತವೆ. ನಿಧಾನವಾಗಿ ಎಳೆದರೆ ಇಡೀ ಹಲಗೆಗೆ ಎಳೆತದ ಸುದ್ದಿ ಒಟ್ಟಿಗೇ ತಲುಪಿದ ಹಾಗೆ ಲೆಕ್ಕ ಹಾಕಬಹುದು, ಜಡತ್ವವನ್ನು ಮರೆತುಬಿಡಬಹುದು. ಇಲ್ಲಿ ಆಗುವುದಿಲ್ಲ. ಹೊಡೆತದ ಲೋಡಿನಲ್ಲಿ ಬಿರುಕು ಓಡುವ ಕಾಲವೂ ಅಲೆ ಓಡಾಡುವ ಕಾಲವೂ ಹೆಚ್ಚುಕಡಿಮೆ ಒಂದೇ ಅಳತೆಯವು. ಇಡೀ ತಲೆನೋವಿನ ಮೂಲ ಅದೇ.

ಅಲೆಗಳ ಆಟ ಎಷ್ಟು ವಿಚಿತ್ರ ಅಂದರೆ, ದಪ್ಪ ಹಲಗೆಯ ಒಂದು ಮೈಗೆ ಜೋರಾಗಿ ಹೊಡೆದರೆ ಅದು ಒಡೆಯುವುದು ಎಷ್ಟೋ ಸಲ ಹಿಂಬದಿಯಲ್ಲಿ. ಹೊಡೆತದಿಂದ ಹೊರಟದ್ದು ಒತ್ತುವ ಅಲೆ. ಹಿಂದೆ ಏನೂ ತಾಗಿರದ ಮೈಗೆ ಬಡಿದು ತಿರುಗಿದಾಗ ಅದು ಎಳೆಯುವ ಅಲೆಯಾಗುತ್ತದೆ. ಕಾಂಕ್ರೀಟ್, ಕಲ್ಲು, ಸೆರಾಮಿಕ್ ಇವೆಲ್ಲ ಒತ್ತಿದರೆ ತಡೆಯುತ್ತವೆ, ಎಳೆದರೆ ತಡೆಯುವುದಿಲ್ಲ. ಹಾಗಾಗಿ ಹಿಂದಿನ ಮೈಯಿಂದ ಒಂದು ಪದರವೇ ಸಿಡಿದು ಹೊರಬೀಳುತ್ತದೆ. ಸ್ಪಾಲಿಂಗ್ ಅನ್ನುವುದು ಇದನ್ನೇ. ಅಲೆಯನ್ನು ಸರಿಯಾಗಿ ಹಿಡಿಯದ ಸಿಮ್ಯುಲೇಷನ್ ಇಲ್ಲಿ ಬಿರುಕಿನ ಜಾಗವನ್ನೇ ತಪ್ಪು ತೋರಿಸುತ್ತದೆ.

ಈಗ ಶಕ್ತಿಯ ವಿಷಯ. 1913ರಲ್ಲಿ ಇಂಗ್ಲಿಸ್ ಅಂಡಾಕಾರದ ರಂಧ್ರದ ಸುತ್ತ ಸ್ಟ್ರೆಸ್ ಎಷ್ಟು ಏರುತ್ತದೆ ಅಂತ ಲೆಕ್ಕ ಕೊಟ್ಟರು. ರಂಧ್ರವನ್ನು ಚಪ್ಪಟೆ ಮಾಡುತ್ತಾ ಹೋದಷ್ಟೂ, ತುದಿ ಚೂಪಾದಷ್ಟೂ, ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಅದಕ್ಕೊಂದು ಕೊನೆಯಿಲ್ಲ. ಹಾಗಾದರೆ ಚೂಪು ಬಿರುಕಿರುವ ಪ್ರತಿ ವಸ್ತುವೂ ಸ್ವಲ್ಪ ಮುಟ್ಟಿದರೆ ಒಡೆಯಬೇಕಿತ್ತು ಅಲ್ವಾ? ಒಡೆಯುವುದಿಲ್ಲ. 1921ರಲ್ಲಿ ಗ್ರಿಫಿತ್ ಇದಕ್ಕೆ ಉತ್ತರ ಕೊಟ್ಟದ್ದು ಸ್ಟ್ರೆಸ್ ಬಿಟ್ಟು ಶಕ್ತಿಯ ಕಡೆಯಿಂದ. ಬಿರುಕು ಒಂದಿಷ್ಟು ಮುಂದೆ ಹೋದರೆ ವಸ್ತುವಿನಲ್ಲಿ ತುಂಬಿಟ್ಟಿದ್ದ ಸ್ಥಿತಿಸ್ಥಾಪಕ ಶಕ್ತಿ ಬಿಡುಗಡೆಯಾಗುತ್ತದೆ. ಹೊಸ ಮೈ ತೆರೆಯಲು ಶಕ್ತಿ ಖರ್ಚಾಗುತ್ತದೆ. ಬರುವುದು ಖರ್ಚಿಗೆ ಸಾಲುವಷ್ಟಿದ್ದರೆ ಬಿರುಕು ಹೋಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಅಷ್ಟೇ.

ಕೋಡ್ ಬರೆಯುವವರಿಗೆ ಇದು ಸುಮ್ನೆ ಹಳೇ ಚರಿತ್ರೆಯಲ್ಲ. ತುದಿಯ ಹತ್ತಿರ ಸ್ಟ್ರೆಸ್ಸು ದೂರದ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ. ಲೆಕ್ಕ ಹಾಕಲು ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ (ಎಲಿಮೆಂಟ್) ಹಂಚಿದ ಬಲೆಗೆ ಮೆಶ್ ಅನ್ನುತ್ತಾರೆ. ಮೆಶ್‌ನ ಎಲಿಮೆಂಟ್ ಗಾತ್ರವನ್ನು ಕಾಲುಭಾಗಕ್ಕೆ ಇಳಿಸಿದರೆ ತುದಿಯ ಎಲಿಮೆಂಟಿನಲ್ಲಿ ಕಾಣುವ ಸ್ಟ್ರೆಸ್ ಎರಡರಷ್ಟಾಗುತ್ತದೆ. ಹಾಗಾಗಿ "ಸ್ಟ್ರೆಸ್ ಇಷ್ಟು ದಾಟಿದರೆ ಎಲಿಮೆಂಟ್ ತೆಗೆದುಹಾಕು" ಅನ್ನುವ ನಿಯಮಕ್ಕೆ ಅರ್ಥವೇ ಇಲ್ಲ. ಮೆಶ್ ಬದಲಿಸಿ ಬೇಕಾದ ಉತ್ತರ ತೆಗೆಯಬಹುದು.

ಆದರೂ ಎಲಿಮೆಂಟ್ ಅಳಿಸುವ ವಿಧಾನವೇ ಈಗಲೂ ಜಾಸ್ತಿ ಬಳಕೆಯಲ್ಲಿದೆ. ಯಾಕೆ ಅಂತ ಅರ್ಥವಾಗುತ್ತದೆ. ಅಬಾಕಸ್, ಎಲ್‌ಎಸ್-ಡೈನಾ ಅಂಥ ಸಾಫ್ಟ್‌ವೇರ್‌ಗಳಲ್ಲಿ ಅದು ಸಿದ್ಧವಾಗಿದೆ, ಒಂದು ಮಿತಿ ಕೊಟ್ಟರೆ ಸಾಕು, ರನ್ ನಿಲ್ಲದೆ ಮುಗಿಯುತ್ತದೆ. ಸಮಸ್ಯೆ ಏನೆಂದರೆ, ಒಂದು ಎಲಿಮೆಂಟ್ ಒಡೆಯಲು ಬೇಕಾಗುವ ಶಕ್ತಿ ಎಂದರೆ ಸ್ಟ್ರೆಸ್-ಸ್ಟ್ರೇನ್ (ಎಷ್ಟು ಎಳೆತಕ್ಕೆ ಎಷ್ಟು ಹಿಗ್ಗಿತು ಅನ್ನುವ) ಗೆರೆಯ ಕೆಳಗಿನ ವಿಸ್ತೀರ್ಣವನ್ನು ಎಲಿಮೆಂಟಿನ ಗಾತ್ರದಿಂದ ಗುಣಿಸಿದ್ದು. ಬಿರುಕು ಒಂದು ಎಲಿಮೆಂಟಿನಷ್ಟು ಅಗಲದ ಸಾಲಾಗಿ ಹೋಗುತ್ತದೆ. ಎಲಿಮೆಂಟ್ ಅರ್ಧ ಮಾಡಿದರೆ ಸಾಲೂ ಅರ್ಧ ತೆಳ್ಳಗಾಗುತ್ತದೆ, ಅದೇ ಉದ್ದದ ಬಿರುಕಿಗೆ ಅರ್ಧ ಶಕ್ತಿ ಸಾಕು. ಮತ್ತೂ ಸಣ್ಣ ಮಾಡಿದರೆ ಮತ್ತೂ ಅಗ್ಗ. ಮೆಶ್ ಚೆನ್ನಾಗಿ ಮಾಡುತ್ತಾ ಹೋದಂತೆ ವಸ್ತು ಪುಕ್ಕಟೆ ಒಡೆಯತೊಡಗುತ್ತದೆ! ಬಜಾಂಟ್ ಮತ್ತು ಓ 1983ರಲ್ಲೇ ಕಾಂಕ್ರೀಟಿಗೆ ಇದರ ಪರಿಹಾರ ಹೇಳಿದ್ದರು. ಎಲಿಮೆಂಟ್ ಅಳತೆಗೆ ತಕ್ಕ ಹಾಗೆ ಗೆರೆಯ ಇಳಿಜಾರನ್ನು ಬದಲಿಸಿ, ಬಿರುಕಿನ ಚದರ ಮೀಟರಿಗೆ ಖರ್ಚಾಗುವ ಶಕ್ತಿ ಸ್ಥಿರವಾಗಿರುವಂತೆ ನೋಡಿಕೊಳ್ಳಿ ಅಂತ. ಇಷ್ಟು ಹಳೆಯ, ಇಷ್ಟು ಸುಲಭದ ಮಾತು. ಇದನ್ನೂ ಮಾಡದೆ "ಮೆಶ್ ಸಣ್ಣ ಮಾಡಿದೆ, ಆದ್ದರಿಂದ ನಿಖರವಾಗಿದೆ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇದನ್ನು ಸರಿಮಾಡಿದರೂ ದಿಕ್ಕಿನ ಕಾಟ ತಪ್ಪುವುದಿಲ್ಲ. ಚೌಕ ಚೌಕ ಮೆಶ್‌ನಲ್ಲಿ ಬಿರುಕು ಎಲಿಮೆಂಟಿನ ಅಂಚು ಹಿಡಿದೇ ಹೋಗಬೇಕು ಅಂದುಕೊಳ್ಳಿ. 45 ಡಿಗ್ರಿ ಓರೆಯಾಗಿ ಹೋಗಬೇಕಾದ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ಅದರ ಉದ್ದ ನಿಜವಾದ ಉದ್ದಕ್ಕಿಂತ 41 ಶೇಕಡಾ ಜಾಸ್ತಿ. ಮೆಟ್ಟಿಲು ಎಷ್ಟೇ ಸಣ್ಣದು ಮಾಡಿ, ಆ 41 ಶೇಕಡಾ ಅಲ್ಲೇ ಇರುತ್ತದೆ. ಅಂದರೆ ನೇರ ಹೋಗುವುದು ಅಗ್ಗ, ಓರೆ ಹೋಗುವುದು ದುಬಾರಿ. ಬಿರುಕು ನೇರ ಹೋಗುತ್ತದೆ. ವಸ್ತುವಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ.

ಕೊಹೆಸಿವ್ ಎಲಿಮೆಂಟ್‌ಗಳ ಕಥೆ ಇದಕ್ಕಿಂತ ಮೇಲು. 1960ರ ಆಸುಪಾಸು ಡಗ್‌ಡೇಲ್, ಬ್ಯಾರೆನ್‌ಬ್ಲಾಟ್ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದು ಏನೆಂದರೆ, ತುದಿಯಲ್ಲಿ ಸ್ಟ್ರೆಸ್ ಅನಂತವಾಗುವುದಿಲ್ಲ, ಅಲ್ಲಿ ಒಂದು ಸಣ್ಣ ವಲಯದಲ್ಲಿ ಎರಡು ಮೈಗಳು ಬೇರೆಯಾಗುತ್ತಿದ್ದರೂ ಇನ್ನೂ ಒಂದನ್ನೊಂದು ಎಳೆದುಕೊಂಡಿರುತ್ತವೆ. ಹಿಲ್ಲರ್‌ಬೋರ್ಗ್ ಮತ್ತು ಜೊತೆಯವರು 1976ರಲ್ಲಿ ಅದನ್ನು ಕಾಂಕ್ರೀಟಿಗೆ ತಂದರು. 1994ರಲ್ಲಿ ಷು ಮತ್ತು ನೀಡಲ್‌ಮನ್ ಮೆಶ್‌ನ ಎಲ್ಲ ಅಂಚುಗಳಲ್ಲೂ ಇಂಥ ಎಲಿಮೆಂಟ್ (ಎರಡು ಮೈಗಳನ್ನು ಹಿಡಿದಿಡುವ ಸ್ಪ್ರಿಂಗ್ ಹಾಗೆ) ತುರುಕಿ ಬಿರುಕನ್ನು ಓಡಲು ಬಿಟ್ಟರು, ಕವಲು ತಾನಾಗೇ ಬಂತು. ಒಂದು ತೊಂದರೆ ಇತ್ತು. ಎಲ್ಲ ಅಂಚಿನಲ್ಲೂ ಸ್ಪ್ರಿಂಗ್ ಇಟ್ಟರೆ ಇಡೀ ವಸ್ತುವೇ ಸ್ವಲ್ಪ ಮೆತ್ತಗಾಗುತ್ತದೆ, ಅಲೆಯ ವೇಗ ಇಳಿಯುತ್ತದೆ. 1996ರಲ್ಲಿ ಕಮಾಚೊ ಮತ್ತು ಓರ್ಟಿಜ್ ಮಿತಿ ದಾಟಿದ ಅಂಚಿನಲ್ಲಿ ಮಾತ್ರ, ಆ ಹೊತ್ತಿಗೆ, ಎಲಿಮೆಂಟ್ ಸೇರಿಸುವ ದಾರಿ ತೋರಿಸಿದರು. ಇಲ್ಲಿ ಖರ್ಚಾಗುವ ಶಕ್ತಿ ನೀವು ಕೊಟ್ಟಷ್ಟೇ, ಲೆಕ್ಕ ಸ್ಪಷ್ಟ. ಒಂದು ವಿಷಯ ಮಾತ್ರ ಎಷ್ಟೋ ಜನ ಮರೆಯುತ್ತಾರೆ. ಬಿರುಕಿನ ವೇಗ ಏರಿದಂತೆ ಆ ಎಳೆದುಕೊಂಡಿರುವ ವಲಯ ಕುಗ್ಗುತ್ತದೆ. ನಿಂತ ಬಿರುಕಿಗೆ ಸಾಕಾಗಿದ್ದ ಮೆಶ್ ಓಡುವ ಬಿರುಕಿಗೆ ಸಾಲದೆ ಹೋಗಬಹುದು.

ಎಕ್ಸ್‌ಎಫ್‌ಇಎಂ (ವಿಸ್ತರಿಸಿದ ಫೈನೈಟ್ ಎಲಿಮೆಂಟ್ ವಿಧಾನ) ಬಗ್ಗೆ ಜಾಸ್ತಿ ಹೇಳುವುದಿಲ್ಲ. 1999ರಲ್ಲಿ ಬೆಲಿಚ್ಕೊ ಅವರ ಗುಂಪಿನಿಂದ ಬಂದ ಚೆಂದದ ಯೋಚನೆ, ಮೆಶ್ ಮುಟ್ಟದೆ ಎಲಿಮೆಂಟಿನ ಒಳಗೇ ಬಿರುಕು ಎಳೆಯುವುದು. ಒಂದೇ ಬಿರುಕಿದ್ದರೆ ಬಲು ಚೆನ್ನ. ಹತ್ತಾರು ಕವಲು, ಒಂದಕ್ಕೊಂದು ಸೇರುವ ಬಿರುಕು, ಅದೂ ಮೂರು ಆಯಾಮದಲ್ಲಿ ಅಂದರೆ ಪಾಡು ಬೇಡ.

ನಾನು ಹೆಚ್ಚು ಬಳಸುವುದು ಫೇಸ್ ಫೀಲ್ಡ್, ಅದಕ್ಕೇ ಅದರ ಮೇಲೆ ಅನುಮಾನವೂ ಜಾಸ್ತಿ. ಫ್ರಾಂಕ್‌ಫೋರ್ಟ್ ಮತ್ತು ಮಾರಿಗೊ 1998ರಲ್ಲಿ ಗ್ರಿಫಿತ್ ಲೆಕ್ಕವನ್ನೇ ಒಟ್ಟು ಶಕ್ತಿ ಕನಿಷ್ಠ ಮಾಡುವ ಪ್ರಶ್ನೆಯಾಗಿ ಬರೆದರು. 2000ದಲ್ಲಿ ಬುರ್ಡಾನ್ ಜೊತೆ ಸೇರಿ ಅದನ್ನು ಕಂಪ್ಯೂಟರಿಗೆ ಒಗ್ಗುವ ಹಾಗೆ ಮಾಡಿದರು. ಚೂಪು ಬಿರುಕಿನ ಬದಲು 0ಯಿಂದ 1ರವರೆಗೆ ಏರುವ ಒಂದು ಹಾನಿಯ ಫೀಲ್ಡ್. 0 ಎಂದರೆ ಗಟ್ಟಿ, 1 ಎಂದರೆ ಪೂರ್ತಿ ಒಡೆದದ್ದು, ನಡುವೆ ಒಂದು ಸಣ್ಣ ಉದ್ದದಲ್ಲಿ ಹರಡಿಕೊಂಡಿರುತ್ತದೆ. ಬಿರುಕು ಎಲ್ಲಿ ಹೋಗಬೇಕು, ಯಾವಾಗ ಕವಲೊಡೆಯಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಇದರ ರುಚಿ ಹತ್ತಿದರೆ ಬೇರೆ ಯಾವುದೂ ಹಿಡಿಸುವುದಿಲ್ಲ, ಒಪ್ಪುತ್ತೇನೆ.

ಆದರೆ ಮೇಲಿನ ಹಲಗೆಯನ್ನೇ ತೆಗೆದುಕೊಳ್ಳಿ. 0.125 ಮಿ.ಮೀ. ಎಲಿಮೆಂಟ್ ಇಟ್ಟರೆ ಉದ್ದಕ್ಕೆ 800, ಅಗಲಕ್ಕೆ 320, ಒಟ್ಟು 2,56,000 ಎಲಿಮೆಂಟ್. ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ (ಈ ಕ್ಷಣದ ಸ್ಥಿತಿಯಿಂದ ಮುಂದಿನ ಕ್ಷಣವನ್ನು ನೇರ ಲೆಕ್ಕ ಹಾಕುವುದು) ಒಂದು ಟೈಮ್ ಸ್ಟೆಪ್ಪಿನಲ್ಲಿ ಅಲೆ ಒಂದು ಎಲಿಮೆಂಟ್ ದಾಟಬಾರದು, ಅಂದರೆ ಸ್ಟೆಪ್ ಸುಮಾರು 33 ನ್ಯಾನೊಸೆಕೆಂಡ್. 80 ಮೈಕ್ರೊಸೆಕೆಂಡಿಗೆ ಎರಡೂವರೆ ಸಾವಿರ ಸ್ಟೆಪ್. ಇಷ್ಟು ಲ್ಯಾಪ್‌ಟಾಪಿನಲ್ಲೇ ಆಗುತ್ತದೆ. ಈಗ ಹಾನಿ ಹರಡುವ ಉದ್ದ ಎಲಿಮೆಂಟಿನ ಎರಡರಷ್ಟು ಅಂತ ಇಟ್ಟರೆ, ಸಾಮಾನ್ಯವಾಗಿ ಬಳಸುವ ಸೂತ್ರದಲ್ಲಿ, ಕೋಡ್ ನಿಜವಾಗಿ ಖರ್ಚು ಮಾಡುವ ಬಿರುಕಿನ ಶಕ್ತಿ ನೀವು ಕೊಟ್ಟದ್ದಕ್ಕಿಂತ ಸುಮಾರು 25 ಶೇಕಡಾ ಜಾಸ್ತಿ. ನೀವು 3 ಜೌಲ್ ಅಂತ ಬರೆದಿದ್ದೀರಿ, ಅದು 3.75 ಜೌಲ್ ತೆಗೆದುಕೊಳ್ಳುತ್ತಿದೆ. ಇದನ್ನು ತಿದ್ದಲು ಒಂದು ಸಾಲು ಸಾಕು. ಎಷ್ಟೋ ಕಡೆ ಆ ಒಂದು ಸಾಲೂ ಇರುವುದಿಲ್ಲ.

ಇನ್ನೊಂದು ಇದೆ, ಅದನ್ನು ತಿದ್ದಲು ಸಾಲು ಸಾಲದು. ವೇಗವಾಗಿ ಓಡುವಾಗ, ಕವಲಿಗೆ ಸ್ವಲ್ಪ ಮೊದಲು, ಹಾನಿಯ ಪಟ್ಟಿ ದಪ್ಪಗಾಗುತ್ತದೆ. ಪಟ್ಟಿ ದಪ್ಪಗಾದರೆ ಅದೇ ಉದ್ದಕ್ಕೆ ಜಾಸ್ತಿ ಶಕ್ತಿ ಹೋಗುತ್ತದೆ, ಬಿರುಕಿನ ವೇಗ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಗುಣ ಅನ್ನಬೇಕಾ, ದೋಷ ಅನ್ನಬೇಕಾ? ಅದಕ್ಕೆ ನಿಜವಾದ ಬಿರುಕು ಏನು ಮಾಡುತ್ತದೆ ಅಂತ ನೋಡಬೇಕು.

ಸಿದ್ಧಾಂತದ ಪ್ರಕಾರ ಎಳೆತದಿಂದ ತೆರೆಯುವ ಬಿರುಕು ರೇಲಿ ಅಲೆಯ ವೇಗ ದಾಟಲಾರದು. ಅದು ಮೈಮೇಲೆ ಸಾಗುವ ಅಲೆಯ ವೇಗ, ನಮ್ಮ ಹಲಗೆಯಲ್ಲಿ ಸೆಕೆಂಡಿಗೆ 2125 ಮೀಟರ್. ಫ್ರಾಯಂಡ್ ಕೊಟ್ಟ ಲೆಕ್ಕವನ್ನು ಒರಟಾಗಿ ಹೇಳಿದರೆ, ಬಿರುಕು ಈ ವೇಗದ ಅರ್ಧದಲ್ಲಿ ಓಡುತ್ತಿದ್ದರೆ ತುದಿಗೆ ತಲುಪುವ ಶಕ್ತಿಯೂ ಅರ್ಧ, ಪೂರ್ತಿ ವೇಗಕ್ಕೆ ಬಂದರೆ ಸೊನ್ನೆ. ಪೂರೈಕೆ ನಿಂತ ಮೇಲೆ ಓಟ ಎಲ್ಲಿಂದ? ಆದರೆ ಪ್ರಯೋಗದಲ್ಲಿ ಬಿರುಕು ಸಾಮಾನ್ಯವಾಗಿ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಕಿಟಕಿ ಗಾಜಿನಲ್ಲಿ ವೇಗ ಸೆಕೆಂಡಿಗೆ ಸುಮಾರು 1500 ಮೀಟರಿಗೆ ನಿಲ್ಲುತ್ತದೆ, ಅಂದರೆ ಮಿತಿಯ ಅರ್ಧದ ಆಸುಪಾಸು. ಯಾಫೆ 1951ರಲ್ಲಿ, ಶಿಯರ್ ಅಲೆಯ (ವಸ್ತುವನ್ನು ಅಡ್ಡಕ್ಕೆ ಅಲುಗಿಸುತ್ತಾ ಸಾಗುವ ಅಲೆ) ವೇಗದ 60 ಶೇಕಡಾ ಹತ್ತಿರ ಬಂದಾಗ ಗರಿಷ್ಠ ಎಳೆತ ನೇರ ದಾರಿ ಬಿಟ್ಟು ಪಕ್ಕಕ್ಕೆ ವಾಲುತ್ತದೆ ಅಂತ ತೋರಿಸಿದ್ದರು. ಕವಲಿಗೆ ಎಲ್ಲರೂ ಹೇಳುವ ಕಾರಣ ಇದೇ. ಆದರೆ ನಿಜವಾದ ವಸ್ತು ಅಷ್ಟರವರೆಗೂ ಕಾಯುವುದಿಲ್ಲ. 1991ರಲ್ಲಿ ಫೈನ್‌ಬರ್ಗ್, ಗ್ರಾಸ್, ಮಾರ್ಡರ್, ಸ್ವಿನ್ನಿ ಸೇರಿ ಅಕ್ರಿಲಿಕ್ ಹಾಳೆಯಲ್ಲಿ ಅಳೆದಾಗ, ಸೆಕೆಂಡಿಗೆ 340 ಮೀಟರ್ ಸುಮಾರಿಗೇ, ಅಂದರೆ ರೇಲಿ ವೇಗದ 36 ಶೇಕಡಾದಲ್ಲೇ, ಬಿರುಕಿನ ವೇಗ ಅಲ್ಲಾಡತೊಡಗಿತು, ಒಡೆದ ಮೈ ಒರಟಾಯಿತು. ಆಮೇಲೆ ಕಂಡದ್ದು, ಆ ವೇಗದ ನಂತರ ಮುಖ್ಯ ಬಿರುಕಿನ ಪಕ್ಕದಲ್ಲಿ ಸಣ್ಣ ಸಣ್ಣ ಕವಲುಗಳು ಹುಟ್ಟಿ ಸಾಯುತ್ತಿರುತ್ತವೆ. ಜಾಸ್ತಿ ಬಂದ ಶಕ್ತಿಯೆಲ್ಲ ಹೊಸ ಮೈ ತೆರೆಯಲು ಖರ್ಚಾಗುತ್ತದೆ, ವೇಗ ಏರುವುದಿಲ್ಲ.

ಹಾಗಾದರೆ ಫೇಸ್ ಫೀಲ್ಡ್‌ನಲ್ಲಿ ಪಟ್ಟಿ ದಪ್ಪಗಾಗುವುದು ಈ ಸಣ್ಣ ಕವಲುಗಳ ಮಸುಕಾದ ರೂಪ ಅಂತ ವಾದ ಮಾಡಬಹುದು. ಮಾಡುವವರೂ ಇದ್ದಾರೆ. ನನಗೆ ಅರ್ಧ ಒಪ್ಪಿಗೆ. ಶಕ್ತಿ ಜಾಸ್ತಿ ಹೋಗುತ್ತದೆ ಅನ್ನುವ ದಿಕ್ಕು ಸರಿ, ಆದರೆ ಎಷ್ಟು ಹೋಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ನೀವು ಆರಿಸಿದ ಆ ಹರಡುವ ಉದ್ದ. ವಸ್ತುವಿನಲ್ಲಿ ಸಣ್ಣ ಕವಲುಗಳ ಗಾತ್ರವನ್ನು ತೀರ್ಮಾನಿಸುವುದು ಬೇರೇನೋ.

ಪೆರಿಡೈನಮಿಕ್ಸ್ ಕೂಡ ಇದೇ ಕಟಕಟೆಯಲ್ಲಿ ನಿಲ್ಲಬೇಕು. ಸಿಲ್ಲಿಂಗ್ 2000ದಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಪ್ರತಿ ಬಿಂದುವೂ ಒಂದಿಷ್ಟು ದೂರದವರೆಗಿನ ನೆರೆಯ ಬಿಂದುಗಳ ಜೊತೆ ಬಂಧ ಇಟ್ಟುಕೊಂಡಿರುತ್ತದೆ, ಮಿತಿ ಮೀರಿ ಎಳೆದರೆ ಬಂಧ ಕಡಿಯುತ್ತದೆ. ಬಿರುಕಿದ್ದಲ್ಲಿ ಡೆರಿವೇಟಿವ್ ತೆಗೆಯುವ ಗೋಜೇ ಇಲ್ಲ. ಚೂರುಚೂರಾಗಿ ಒಡೆಯುವುದನ್ನು ತೋರಿಸಲು ಇದಕ್ಕಿಂತ ಹಗುರದ ದಾರಿ ನನಗೆ ಗೊತ್ತಿಲ್ಲ. ಅಂಚಿನ ಬಿಂದುಗಳಿಗೆ ನೆರೆಯವರು ಕಡಿಮೆ, ಹಾಗಾಗಿ ಮೈ ಹತ್ತಿರ ವಸ್ತು ಮೆತ್ತಗಾಗುತ್ತದೆ. ಅದನ್ನು ತಿದ್ದದೆ ಬಿಟ್ಟರೆ ಅಂಚಿನಿಂದ ಹುಟ್ಟುವ ಬಿರುಕುಗಳ ಲೆಕ್ಕ ಕೆಡುತ್ತದೆ.

ಇನ್ನೊಂದು ಪ್ರಸಿದ್ಧ ಪರೀಕ್ಷೆ ಕಾಲ್ಟಾಫ್ ಅವರದು. ಎರಡು ಸೀಳಿರುವ ಉಕ್ಕಿನ ತಟ್ಟೆ, ಸೀಳುಗಳ ನಡುವಿನ ಅಂಚಿಗೆ ಒಂದು ಉಕ್ಕಿನ ತುಂಡು ಬಂದು ಬಡಿಯುತ್ತದೆ. ವೇಗ ಕಡಿಮೆ ಇದ್ದರೆ ಬಿರುಕು ಸುಮಾರು 70 ಡಿಗ್ರಿ ಓರೆಯಾಗಿ ಹೋಗುತ್ತದೆ. ವೇಗ ಜಾಸ್ತಿಯಾದರೆ ಬೇರೆಯೇ ಕಥೆ, ಬಿರುಕಿನ ಬದಲು ಶಿಯರ್ ಪಟ್ಟಿ (ವಸ್ತು ಒಂದರ ಮೇಲೊಂದು ಜಾರಿದ ತೆಳು ಪಟ್ಟಿ) ಹುಟ್ಟಿ ಹೆಚ್ಚುಕಡಿಮೆ ನೇರ ಹೋಗುತ್ತದೆ. ಹೊಡೆತ ಜೋರಾದಷ್ಟೂ ವಸ್ತು ಹೆಚ್ಚು ಗಾಜಿನಂತೆ ಒಡೆಯುತ್ತದೆ ಅಂದುಕೊಂಡವರಿಗೆ ಇದು ತಲೆಕೆಳಗು. ಸಿಮ್ಯುಲೇಷನ್ ಲೇಖನಗಳಲ್ಲಿ ಮೊದಲನೇ ಅರ್ಧ, ಆ 70 ಡಿಗ್ರಿ, ಎಲ್ಲರದ್ದೂ ಬರುತ್ತದೆ. ಕೋನವನ್ನು ತೀರ್ಮಾನಿಸುವುದು ತುದಿಯ ಸುತ್ತಲಿನ ಸ್ಟ್ರೆಸ್ಸಿನ ಹಂಚಿಕೆ. ಬಿರುಕಿನ ಶಕ್ತಿಯ ಲೆಕ್ಕ ತಪ್ಪಿದ್ದರೂ ಕೋನ ಸರಿಯಾಗಿ ಬಂದುಬಿಡಬಹುದು. ಎರಡನೇ ಅರ್ಧಕ್ಕೆ ಪ್ಲಾಸ್ಟಿಸಿಟಿ (ಬಗ್ಗಿದ್ದು ಹಾಗೇ ಉಳಿಯುವ ಗುಣ) ಬೇಕು, ಬಿಸಿಯಾಗಿ ಮೆತ್ತಗಾಗುವುದು ಬೇಕು. ಅಲ್ಲಿಗೆ ಬರುವವರು ಕಡಿಮೆ.

ಹಾಗಾಗಿ ಯಾರಾದರೂ ಬಿರುಕಿನ ರನ್ ತೋರಿಸಿದರೆ ನಾನು ಮೊದಲು ಕೇಳುವುದು ಶಕ್ತಿಯ ಗ್ರಾಫು. ಹೊರಗಿಂದ ಕೊಟ್ಟ ಕೆಲಸ ಒಂದು ಕಡೆ. ಸ್ಥಿತಿಸ್ಥಾಪಕ ಶಕ್ತಿ, ಚಲನಶಕ್ತಿ, ಬಿರುಕಿಗೆ ಹೋದದ್ದು, ಅಲುಗಾಟ ತಗ್ಗಿಸಲು ಕೋಡಿಗೆ ಸೇರಿಸುವ ಕೃತಕ ಡ್ಯಾಂಪಿಂಗ್ ತಿಂದದ್ದು, ಇವೆಲ್ಲ ಇನ್ನೊಂದು ಕಡೆ. ಎರಡೂ ಕೂಡಬೇಕು. ಕೂಡಿದರೂ ಸಾಲದು, ಬಿರುಕಿಗೆ ಹೋದ ಶಕ್ತಿಯನ್ನು ಬಿರುಕಿನ ವಿಸ್ತೀರ್ಣದಿಂದ ಭಾಗಿಸಿದರೆ ಇನ್‌ಪುಟ್ ಫೈಲಿನಲ್ಲಿ ಬರೆದ ಸಂಖ್ಯೆ ವಾಪಸ್ ಬರಬೇಕು. ಮೆಶ್ ಅನ್ನು 20-30 ಡಿಗ್ರಿ ತಿರುಗಿಸಿ ಇನ್ನೊಮ್ಮೆ ರನ್ ಮಾಡಿದ್ದಾರಾ ಅಂತಲೂ ಕೇಳುತ್ತೇನೆ, ಅಲ್ಲಿಗೆ ಸಾಮಾನ್ಯವಾಗಿ ಮಾತು ಬದಲಾಗುತ್ತದೆ. ಮಾಸ್ ಸ್ಕೇಲಿಂಗ್ ಹಾಕಿದ್ದಾರಾ ಅನ್ನುವುದು ಮುಂದಿನ ಪ್ರಶ್ನೆ. ಟೈಮ್ ಸ್ಟೆಪ್ ದೊಡ್ಡದು ಮಾಡಲು ಸಣ್ಣ ಎಲಿಮೆಂಟ್‌ಗಳಿಗೆ ಸುಳ್ಳು ತೂಕ ಹೇರುವ ಈ ಉಪಾಯ ನಿಧಾನದ ಲೋಡಿಗೆ ನಡೆಯುತ್ತದೆ. ಬಿರುಕಿನ ತುದಿಯಲ್ಲೇ ಸಾಮಾನ್ಯವಾಗಿ ಎಲ್ಲಕ್ಕಿಂತ ಸಣ್ಣ ಎಲಿಮೆಂಟ್‌ಗಳು ಇರುತ್ತವೆ, ಅಂದರೆ ಸುಳ್ಳು ತೂಕ ಸೇರುವುದೂ ಅಲ್ಲೇ, ಅಲೆಯ ವೇಗ ಕೆಡುವುದೂ ಅಲ್ಲೇ.

ಇದೆಲ್ಲ ತಾಳೆಯಾದ ಮೇಲೂ ನನಗೆ ಆಸೆ ಇರುವ ಪರೀಕ್ಷೆ ಬೇರೆ. ಗಾಜು ಒಡೆದ ಮೈಯನ್ನು ನೋಡಿದರೆ, ಬಿರುಕು ಹುಟ್ಟಿದ ಜಾಗದ ಸುತ್ತ ಕನ್ನಡಿಯಂಥ ನುಣುಪು, ಅದರಾಚೆ ಮಂಜಿನಂಥ ಮಬ್ಬು, ಆಮೇಲೆ ಒರಟು ಗೀರುಗಳು. ಒಡೆಯುವಾಗಿನ ಸ್ಟ್ರೆಸ್ಸನ್ನು ಕನ್ನಡಿ ಭಾಗದ ತ್ರಿಜ್ಯದ ವರ್ಗಮೂಲದಿಂದ ಗುಣಿಸಿದರೆ ಒಂದು ಸ್ಥಿರಾಂಕ ಬರುತ್ತದೆ. ಮೆಗಾಪಾಸ್ಕಲ್ ಮತ್ತು ಮೀಟರ್ ಲೆಕ್ಕದಲ್ಲಿ ಮಾಮೂಲಿ ಕಿಟಕಿ ಗಾಜಿಗೆ ಅದು ಸುಮಾರು 2. 50 ಮೆಗಾಪಾಸ್ಕಲ್‌ನಲ್ಲಿ ಒಡೆದರೆ ಕನ್ನಡಿಯ ತ್ರಿಜ್ಯ 1.6 ಮಿ.ಮೀ., 100ರಲ್ಲಿ ಒಡೆದರೆ 0.4. ಒಡೆದ ಚೂರು ನೋಡಿ ಎಷ್ಟು ಸ್ಟ್ರೆಸ್ಸಿಗೆ ಒಡೆಯಿತು ಅಂತ ಹೇಳುವವರು ಬಳಸುವುದು ಇದನ್ನೇ. ಈ 2 ಅನ್ನುವ ಸಂಖ್ಯೆಯನ್ನು ಕೋಡಿಗೆ ತಿಳಿಸದೆ, ಅದರಿಂದಲೇ ತೆಗೆಸಬೇಕು. ಮಬ್ಬಿನ ಒರಟುತನ ಮೈಕ್ರಾನ್ ಅಳತೆಯದು ಅಥವಾ ಇನ್ನೂ ಸಣ್ಣದು. 1.6 ಮಿ.ಮೀ. ಬದಿಯ ಘನಕ್ಕೆ 1 ಮೈಕ್ರಾನ್ ಎಲಿಮೆಂಟ್ ಹಾಕಿದರೆ 400 ಕೋಟಿ ಎಲಿಮೆಂಟ್. ಬಿರುಕು ಅದನ್ನು ದಾಟಲು ಸುಮಾರು 1 ಮೈಕ್ರೊಸೆಕೆಂಡ್ ಸಾಕು, ಸ್ಟೆಪ್ಪುಗಳ ಲೆಕ್ಕದಲ್ಲಿ ಆರು ಸಾವಿರದ ಆಸುಪಾಸು. ಸ್ಟೆಪ್ಪುಗಳು ಹೆದರಿಸುವಷ್ಟಿಲ್ಲ, 400 ಕೋಟಿಯೇ ಹೆದರಿಸುವುದು. ದೊಡ್ಡ ಯಂತ್ರ ಕೈಗೆ ಸಿಗುವವರು ಯಾರಾದರೂ ಕವಲಿನ ವಿಡಿಯೋ ಬದಿಗಿಟ್ಟು ಇದಕ್ಕೆ ಕೈಹಾಕಿದ್ದರೆ ಕೆಳಗೆ ಬರೆಯಿರಿ, ಅವರ ಇನ್‌ಪುಟ್ ಫೈಲ್ ನೋಡಲು ನಾನು ತಯಾರು.